ಹೆಡ್‌ಮಾಸ್ತರರ ಸೈಕಲ್ಲಿಗೆ ಕಟ್ಟಿದ ಮನೆ

ಕಳೆದ ವಾರ ಕಲಬುರಗಿಯಲ್ಲಿ ಮೊಮ್ಮಗಳ ಸೈಕಲ್ ಪಂಕ್ಚರ್ ಆಯಿತು. ರಸ್ತೆ ಬದಿಯ ಅಂಗಡಿಯವನು ಟ್ಯೂಬು ಉಜ್ಜಿ, ಸೊಲ್ಯೂಶನ್ ಹಚ್ಚಿ, ಅದು ಆರಲೆಂದು ಉಫ್ ಎಂದು ಊದಿದ. ಮೊಮ್ಮಗಳು ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಇನ್ನೊಂದು ಸಲ ಊದಲಿ ಎಂದು ಕಾಯುತ್ತ ನಿಂತೆ. ಆ ವಾಸನೆಯ ಹಿಂದೆಯೇ ಶಹಾಬಾದಿನ ಸ್ಟೇಷನ್ ರಸ್ತೆ, ಅಲ್ಲಿನ ತಗಡಿನ ಅಂಗಡಿ, ಅದರೊಳಗೆ ಕುಕ್ಕರಗಾಲಲ್ಲಿ ಕುಳಿತ ಸೈಕಲ್ ಚಾಚಾ ಎಲ್ಲ ಬಂದುಬಿಟ್ಟರು...

ಚಾಚಾ ನಮಗೆ ನೆಂಟರಲ್ಲ, ನೆರೆಯವರು. ನಮ್ಮದೂ ಅವರದೂ ಒಂದೇ ನಡುಗೋಡೆ. ಬಾಯಿ ಬಹಳ ಖಾರ. ಗಾಳಿ ಹಾಕಿಸಿಕೊಳ್ಳಲು ಹೋದವರಿಗೆ ಮೊದಲು ಬೈಗುಳ, ಆಮೇಲೆ ಗಾಳಿ. ‘ಸೈಕಲ್ ಅದೋ, ಎಮ್ಮಿ ಅದೋ, ಇಷ್ಟು ಕೆಸರು ಯಾಕ ಹತ್ತೇದ’ ಎಂದು ತಹಸೀಲ್ ಕಚೇರಿಯ ಗುಮಾಸ್ತರನ್ನೂ ಬಿಡುತ್ತಿರಲಿಲ್ಲ. ಊರಿನ ಸೈಕಲ್ಲುಗಳೆಲ್ಲ ಅವರ ಕೈಯಲ್ಲೇ ಹಾದುಹೋಗುತ್ತಿದ್ದವು. ನಮ್ಮ ಹೆಡ್‌ಮಾಸ್ತರರದೂ ಸೇರಿ. ಈ ಕೊನೆಯ ಮಾತನ್ನು ನಾನು ಆಗ ಸ್ವಲ್ಪ ಯೋಚಿಸಿದ್ದರೆ ಒಳ್ಳೆಯದಿತ್ತು.

ನಾನು ಹತ್ತನೆಯ ತರಗತಿಯಲ್ಲಿದ್ದ ವರ್ಷ, ಎಪ್ಪತ್ತರ ದಶಕದ ಮೊದಲ ಭಾಗ. ಪರೀಕ್ಷೆಯ ಹಾಲ್ ಟಿಕೆಟ್ ಕೈಗೆ ಬರುವ ಮುಂಚೆ ಹತ್ತನೆಯವರು ಏನಾದರೊಂದು ಕಿತಾಪತಿ ಮಾಡಿಯೇ ಹೋಗಬೇಕು ಎಂಬುದು ನಮ್ಮ ಹೈಸ್ಕೂಲಿನ ಹುಡುಗರು ತಾವೇ ಮಾಡಿಕೊಂಡ ಕಾನೂನು. ಹಿಂದಿನ ವರ್ಷದವರು ಶಾಲೆಯ ಗಂಟೆ ಬಚ್ಚಿಟ್ಟಿದ್ದರು. ಜವಾನ ಒಂದು ದಿನವೆಲ್ಲ ಊಟದ ತಾಟು ಬಡಿದು ಶಾಲೆ ನಡೆಸಿದ್ದ. ಅವರಿಗಿಂತ ನಾವು ಕಡಿಮೆಯೇ? ನಮ್ಮ ಗುಂಪಿನ ಐದೂ ಜನರ ಅಪ್ಪಂದಿರು ಒಂದಲ್ಲ ಒಂದು ಕಾಲದಲ್ಲಿ ಫರ್ಸಿ ಎಂಬ ಹಾಸುಗಲ್ಲಿನ ಖಣಿಯಲ್ಲಿ ಸುತ್ತಿಗೆ ಹಿಡಿದವರು. ನಮ್ಮೂರಲ್ಲಿ ನೆಲವೂ ಫರ್ಸಿ, ಗೋಡೆಯೂ ಫರ್ಸಿ, ಮಾಳಿಗೆಯೂ ಫರ್ಸಿ. ಹೊಸ ಕೋಣೆಯ ನೆಲಕ್ಕೆಂದು ಶಾಲೆಯ ಹಿಂದೆ ಕಲ್ಲು ಬಂದು ಬಿದ್ದಿತ್ತು. ಅದರ ಪಕ್ಕದಲ್ಲೇ ಬೇವಿನ ಮರದ ಕೆಳಗೆ ಹೆಡ್‌ಮಾಸ್ತರರ ಸೈಕಲ್.

ಹೆಡ್‌ಮಾಸ್ತರರು ಮಧ್ಯಾಹ್ನ ಬುತ್ತಿ ತಿಂದು ಕುರ್ಚಿಯಲ್ಲೇ ಅರ್ಧ ಗಂಟೆ ಕಣ್ಣು ಮುಚ್ಚುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ನಾವು ಸೈಕಲ್ಲಿನ ಸುತ್ತ ಮನೆ ಕಟ್ಟಿದೆವು. ನಾಲ್ಕು ಕಡೆ ಕಲ್ಲು ಪೇರಿಸಿ, ಮೇಲೆ ಎರಡು ಕಲ್ಲು ಹೊದಿಸಿದೆವು. ಬಾಗಿಲು ಇಲ್ಲದ ಆ ಮನೆಗೆ ನಾನು ಬೇವಿನ ಸೊಪ್ಪಿನ ತೋರಣವನ್ನೂ ಕಟ್ಟಿದೆ. ಈಗ ನೆನೆದರೂ ನಗು ಬರುತ್ತದೆ, ಚಂದವಾಗಿಯೇ ಇತ್ತು.

ಆದರೆ ಒಂದು ತಪ್ಪಾಗಿತ್ತು. ಮಾಳಿಗೆಯ ಕಲ್ಲು ಗೋಡೆಯ ಮೇಲೆ ಒಂದು ಗೇಣು ಕೂರಬೇಕು. ಇದನ್ನು ಖಣಿಯವರ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಗಡಿಬಿಡಿಯಲ್ಲಿ ನಾವು ನಾಲ್ಕು ಬೆರಳು ಕೂರಿಸಿದ್ದೆವು. ಹೆಡ್‌ಮಾಸ್ತರರು ಬಂದು, ಸುತ್ತ ನೋಡಿ, ಒಂದು ಮೂಲೆಗೆ ಸುಮ್ಮನೆ ಕೈ ಮುಟ್ಟಿಸಿದರು. ಮಾಳಿಗೆ ಒಳಗೆ ಕುಸಿಯಿತು. ಅವರಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಸೈಕಲ್ಲಿನ ಹಿಂದಿನ ಗಾಲಿ ಮಾತ್ರ ಕರಿದ ಹಪ್ಪಳದಂತೆ ಸೊಟ್ಟಗಾಯಿತು.

ಅವರು ನಮ್ಮನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ‘ಮನೀಂದ ಹಿರೇರನ್ನ ಕರ್ಕೊಂಡು ಬರ್ರಿ, ಹಾಲ್ ಟಿಕೆಟ್ ಒಯ್ರಿ’ ಎಂದಷ್ಟೇ ಹೇಳಿ ಒಳಗೆ ಹೋದರು. ಪರೀಕ್ಷೆಗೆ ಐದು ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಒಬ್ಬೊಬ್ಬರೇ ಬಂದರು. ಒಬ್ಬನ ತಾಯಿ ಬಂದು ಹೆಡ್‌ಮಾಸ್ತರರ ಮುಂದೆ ಅತ್ತು, ಹೊರಗೆ ಬಂದು ಮಗನ ಕಿವಿ ಹಿಂಡಿ, ಅಲ್ಲೇ ಕಟ್ಟೆಯ ಮೇಲೆ ಕೂರಿಸಿ ರೊಟ್ಟಿ ತಿನ್ನಿಸಿದಳು. ಇನ್ನೊಬ್ಬನ ಅಪ್ಪ ಉರುಳಿದ ಕಲ್ಲುಗಳನ್ನು ಸುತ್ತಿ ನೋಡಿ ಮಗನಿಗೆ ಫಟ್ ಎಂದು ಬಿಗಿದ. ‘ಮಾಳಿಗಿ ಕಲ್ಲು ಒಂದು ಗೇಣು ಕೂಡಿಸಬೇಕಂತ ಎಷ್ಟು ಸಲ ಹೇಳೀನೋ ನಿನಗ’ ಅಂದ. ಪಾಪ, ಹೆಡ್‌ಮಾಸ್ತರರಿಗೆ ಯಾವ ತಪ್ಪಿಗೆ ಈ ಏಟು ಎಂದೇ ತಿಳಿಯಲಿಲ್ಲ. ಸಂಜೆಯ ಹೊತ್ತಿಗೆ ನಾಲ್ವರಿಗೂ ಹಾಲ್ ಟಿಕೆಟ್ ಸಿಕ್ಕಿತು. ನಾನೊಬ್ಬ ಉಳಿದೆ.

ನನ್ನ ಅಪ್ಪನ ಮಾತೇ ಬೇರೆ. ‘ಸಾಲಿಯಿಂದ ಒಂದು ತಕರಾರು ಬರ್ಲಿ, ಮರುದಿನ ಇವ ನನ್ನ ಜೋಡಿ ಖಣಿಗಿ’ ಎಂದು ಹೋಟೆಲ್ಲಿನಲ್ಲಿ ನಾಲ್ಕು ಮಂದಿಯ ಎದುರು ಹೇಳಿದ್ದರು. ಆಡಿದ ಮಾತು ತಪ್ಪಿದವರೇ ಅಲ್ಲ. ಅಣ್ಣನ ವಿಷಯದಲ್ಲೂ ಹಾಗೆಯೇ ಆಗಿತ್ತು. ಎಂಟನೆಯ ತರಗತಿಯಲ್ಲಿ ಒಂದು ತಕರಾರು ಬಂತು, ಮರುದಿನದಿಂದ ಅವನ ಕೈಗೆ ಸುತ್ತಿಗೆ. ನನಗೆ ಓದಬೇಕಿತ್ತು. ಬಹಳ ಓದಬೇಕಿತ್ತು. ಮೂರು ದಿನ ಅಪ್ಪನ ಕಣ್ಣು ತಪ್ಪಿಸಿ ಓಡಾಡಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಚಾಚಾರ ಅಂಗಡಿಗೆ ಹೋದೆ. ಅವರು ಒಂದು ಗಾಲಿಯ ಕಡ್ಡಿ ಬಿಗಿಯುತ್ತಿದ್ದರು. ಅದು ಯಾರ ಗಾಲಿ ಎಂದು ನೋಡುವ ಬುದ್ಧಿ ನನಗೆಲ್ಲಿಂದ ಬರಬೇಕು... ಎಲ್ಲ ಹೇಳಿ, ಕೊನೆಗೆ, ‘ಚಾಚಾ, ನಮ್ಮ ಕಾಕಾ ಅಂತ, ಅಪ್ಪನ ತಮ್ಮ ಅಂತ, ನೀವು ಸಾಲಿಗಿ ಬರ್ತೀರೇನು?’ ಎಂದೆ.

ಚಾಚಾ ಗಾಲಿ ಕೆಳಗಿಟ್ಟರು. ‘ನಿಮ್ಮಪ್ಪ ಜಿಂದಾ ಹಾನಿಲ್ಲೋ?’

‘ಹಾನ್ರಿ.’

‘ಮತ್ತ ನಾ ಯಾಕ?’

ನಾನು ಅತ್ತುಬಿಟ್ಟೆ. ಹದಿನಾರು ವರ್ಷದ ಹುಡುಗ, ಮೀಸೆ ಮೂಡಿತ್ತು, ರಸ್ತೆಯ ಮೇಲೆ ನಿಂತು ಅತ್ತೆ. ಚಾಚಾ ಅಂದು ಬೈಯಲಿಲ್ಲ. ‘ನಾಳೆ ಹನ್ನೊಂದಕ್ಕ ಬರ್ತೀನಿ. ಹೋಗು, ಓದ್ಕೋ ಹೋಗು’ ಎಂದರು.

ಮರುದಿನ ಹೇಳಿದ ಹೊತ್ತಿಗೆ ಬಂದರು. ಶುಕ್ರವಾರದ ಬಿಳಿ ಜುಬ್ಬಾ, ತಲೆಗೆ ಟೋಪಿ. ಕೈಯಲ್ಲಿ ತಳ್ಳಿಕೊಂಡು ಬಂದದ್ದು ಹೆಡ್‌ಮಾಸ್ತರರದೇ ಸೈಕಲ್. ಅದನ್ನು ನೋಡಿದ ಮೇಲೆ ನನ್ನ ತಲೆಗೆ ಹೊಳೆಯಿತು. ಆ ಗಾಲಿಯನ್ನು ರಿಪೇರಿಗೆ ಕೊಟ್ಟವರು ಹೆಡ್‌ಮಾಸ್ತರರು, ಮತ್ತು ಅವರಿಗೆ ಈ ಚಾಚಾ ಯಾರೆಂದು ಇಪ್ಪತ್ತು ವರ್ಷದಿಂದ ಗೊತ್ತು. ಸೈಕಲ್ಲನ್ನು ಬಾಗಿಲಲ್ಲಿ ನಿಲ್ಲಿಸಿ ಇಬ್ಬರೂ ಹೆಡ್‌ಮಾಸ್ತರರ ಕೋಣೆಗೆ ಹೋದೆವು.

‘ಇವರು ನಿನಗ ಏನಾಗಬೇಕೋ?’ ಹೆಡ್‌ಮಾಸ್ತರರು ಕೇಳಿದರು.

‘ಕಾಕಾ ರೀ ಸರ್.’

‘ಸ್ವಂತ?’

‘ಸ್ವಂತ ರೀ.’

ಚಾಚಾ ಮುಂದೆ ಬಂದರು. ‘ಹುಡುಗ ಖರೇನ ಹೇಳ್ಲಿಕತ್ತಾನ್ರಿ ಸಾಹೇಬ್ರ, ನಮ್ಮವನೇ. ತಪ್ಪು ಮಾಡ್ಯಾನ. ಪರೀಕ್ಷಾ ಒಂದು ಬರೀಲಿ, ಇವನ ಕಿವಿ ಆಮ್ಯಾಲ ನಾ ನೋಡ್ಕೋತೀನಿ. ನಿಮ್ಮ ಗಾಲಿ ತಿರುವಿ ನೋಡ್ರಿ, ಎಲ್ಲಿಯಾರ ಅಲುಗಾಡ್ತದೇನು.’

ಹೆಡ್‌ಮಾಸ್ತರರು ಕಿಟಕಿಯ ಕಡೆ ತಿರುಗಿದರು. ಅವರ ಭುಜ ಕುಣಿಯುತ್ತಿದ್ದುದನ್ನು ನಾನು ನೋಡಿದೆ. ಆಮೇಲೆ ಡ್ರಾಯರ್ ಎಳೆದು, ಹಾಲ್ ಟಿಕೆಟ್ ನನ್ನ ಕೈಯಲ್ಲಿಟ್ಟು, ‘ಭಾಳ ದೊಡ್ಡ ಖಾಂದಾನ್ ಅದಪ್ಪಾ ನಿಂದು’ ಎಂದರು.

ಹೊರಗೆ ಬಂದು ಬೇವಿನ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಆ ದಿನ ಬಿಟ್ಟ ಉಸಿರಿನಂಥ ಉಸಿರು ಜೀವನದಲ್ಲಿ ಮತ್ತೆ ಬಿಟ್ಟಿಲ್ಲ. ಮನೆಯಲ್ಲಿ ಅಪ್ಪ, ‘ಪರೀಕ್ಷಾ ಯಾವಾಗದ?’ ಎಂದು ಕೇಳಿದರು, ‘ನಾಳೆಯಿಂದ’ ಎಂದೆ, ಅಷ್ಟೇ. ಪಾಸಾದೆ, ಓದಿದೆ, ಚಿತ್ತಾಪುರದ ತಾಲೂಕು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಆದರೆ ಅಪ್ಪನಿಗೆ ಮೋಸ ಮಾಡಿದೆನಲ್ಲ ಎಂಬುದು ಒಳಗೆ ಕೊರೆಯುತ್ತಲೇ ಇತ್ತು. ಮೊದಲ ಸಂಬಳದಲ್ಲಿ ಅವರಿಗೆ ಧೋತರ ತಂದಾಗಲೂ ಮುಖ ಎತ್ತಿ ಕೊಡಲಾಗಲಿಲ್ಲ.

ಆ ಪರೀಕ್ಷೆಯಾಗಿ ಹತ್ತು ವರ್ಷದ ಮೇಲೆ ಚಾಚಾ ತೀರಿಕೊಂಡ ಸುದ್ದಿ ಬಂತು. ಚಿತ್ತಾಪುರದಿಂದ ಓಡಿ ಬಂದೆ. ಮಣ್ಣು ಕೊಟ್ಟು ನಾನೂ ಅಪ್ಪನೂ ನಡೆದುಕೊಂಡು ಬರುತ್ತಿದ್ದೆವು. ಇನ್ನು ತಡೆಯಲಾಗಲಿಲ್ಲ. ‘ಅಪ್ಪಾ, ನಿನಗ ಒಂದು ಮಾತು ಹೇಳಬೇಕು’ ಎಂದೆ.

‘ಹಾಲ್ ಟಿಕೆಟಿಂದೇನು?’ ಎಂದರು ಅಪ್ಪ.

ನಾನು ನಿಂತುಬಿಟ್ಟೆ.

‘ನೀ ಅವನ ಮುಂದ ಅತ್ತಿ ನೋಡು, ಅವತ್ತೇ ಮಧ್ಯಾಹ್ನ ಅಂವ ಸೈಕಲ್ ಹೊಡ್ಕೊಂಡು ಖಣಿಗಿ ಬಂದಿದ್ದ. ನಿನ್ನ ಮಗ ನನ್ನನ್ನ ಕಾಕಾ ಮಾಡ್ಕೊಂಡಾನ, ಸಾಲಿಗಿ ನೀ ಹೋಗ್ತಿಯೋ, ನಾ ಹೋಗ್ಲೋ ಅಂದ.’

‘ನೀ ಏನಂದಿ?’

‘ನಾ ಹೋದ್ರ ನಿನ್ನನ್ನ ಖಣಿಗಿ ತರಬೇಕಾಗ್ತಿತ್ತು. ನಾಕ ಮಂದಿ ಮುಂದ ಆಡಿದ್ದೆ. ನಿಮ್ಮಣ್ಣನ್ನ ತಂದು ಏನು ಸುಖಪಟ್ಟೆ? ನೀನೇ ಹೋಗು, ನನಗ ಏನೂ ಗೊತ್ತಿಲ್ಲ ಅಂತ ಅವಗ ಅಂದೆ.’

ಹತ್ತು ವರ್ಷದ ಭಾರ ಆ ದಾರಿಯಲ್ಲಿ ಇಳಿಯಿತು. ನಗು ಬಂತು, ಅಳುವೂ ಬಂತು. ನಿಮ್ಮ ಉಪಕಾರ ದೊಡ್ಡದು ಎಂದು ಚಾಚಾರಿಗೆ ಹೇಳೋಣವೆಂದರೆ ಅವರನ್ನು ಆಗಷ್ಟೇ ಮಣ್ಣಿಗಿಟ್ಟು ಬಂದಿದ್ದೆವು... ಅಪ್ಪನಿಗಾದರೂ ಹೇಳಬಹುದಿತ್ತು. ಅವರು ಆಗಲೇ ಮುಂದೆ ನಡೆದಿದ್ದರು.

ಈಗ ಅಪ್ಪನೂ ಇಲ್ಲ. ಚಾಚಾರ ಅಂಗಡಿಯ ಜಾಗದಲ್ಲಿ ಮೊಬೈಲ್ ಮಾರುತ್ತಾರೆ. ನನ್ನನ್ನು ಓದಿಸಿದವರು ಯಾರೆಂದು ಮೊಮ್ಮಗಳು ಕೇಳುತ್ತಿರುತ್ತಾಳೆ. ಇಬ್ಬರು ಎನ್ನುತ್ತೇನೆ. ನಾನು ಪರೀಕ್ಷೆ ಬರೆಯಲೆಂದು ಒಬ್ಬರು ಶಾಲೆಗೆ ಬಂದರು, ಇನ್ನೊಬ್ಬರು ಬರದೆ ಉಳಿದರು.