ನಾನು ನೀರು ಹಾಕದ ಮೊಮ್ಮಕ್ಕಳಿಗೆ

ಪುಟ್ಟಿ, ಚಿನ್ನು,

ನಿಮ್ಮಮ್ಮನ ಎರಡು ಬಾಣಂತನವೂ ನಮ್ಮ ಮನೆಯಲ್ಲೇ ಆಯಿತು. ಆದರೆ ನಿಮಗೆ ದಿನಾ ನೀರು ಹಾಕಿದವಳು ನಾನಲ್ಲ, ಹಿಂದಿನ ಬೀದಿಯ ಅಜ್ಜಿ. ಮೊನ್ನೆ ಪುಟ್ಟಿ ಕೇಳಿದಳು, "ಯಾಕಜ್ಜಿ, ನಾವು ಬೇಡವಾಗಿದ್ವಾ ನಿಂಗೆ?" ಎದುರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನನಗೆ ಮೂರ್ಛೆರೋಗ ಇದೆ. ಮದುವೆಯಾದ ಹೊಸದರಲ್ಲಿ ನಮ್ಮೂರ ಪಕ್ಕದ ವಿಜಯಪುರಕ್ಕೆ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದೆ. ಗೂಡು ಬೇಯುವ ತೊಟ್ಟಿಯ ಮುಂದೆ ಒಂದು ದಿನ ಬಿದ್ದೆ. ಪಕ್ಕದವಳು ಸೆರಗು ಹಿಡಿದು ಎಳೆಯದಿದ್ದರೆ ಮುಖ ಬೇಯುತ್ತಿತ್ತು. ಎಚ್ಚರವಾದಾಗ ಕೈಯಲ್ಲಿ ಬೀಗದಕೈ ಗೊಂಚಲು. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆ ಎಂದು ಯಾರೋ ಇಟ್ಟಿದ್ದರು. ಓಡಿಬಂದ ನಿಮ್ಮ ತಾತ ಅದನ್ನು ಕಿತ್ತುಕೊಂಡು, "ಕೀ ಕೊಟ್ರೆ ಸ್ಟಾರ್ಟ್ ಆಗಕ್ಕೆ ಇವ್ಳೇನು ಲಾರೀನಾ? ಸರೀರಪ್ಪ, ಗಾಳಿ ಬರ್ಲಿ" ಎಂದು ಎಲ್ಲರನ್ನೂ ದೂರ ಕಳಿಸಿ, ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು.

ಮಾತ್ರೆಯಿಂದ ಬೀಳುವುದು ನಿಂತಿತು. ಮನಸ್ಸು ನಿಲ್ಲಲಿಲ್ಲ. ಒಲೆ ಕಂಡರೂ, ಸಂಪು ಕಂಡರೂ, ಈಗ ಬಿದ್ದರೆ ಎಂದು ಶುರುವಾಗುತ್ತದೆ. ಒಂದು ಯೋಚನೆ ಮುಗಿಯುವ ಮೊದಲೇ ಇನ್ನೊಂದು. ತಾತ ನನ್ನ ಮುಖ ನೋಡಿಯೇ, "ಹೊರಟ್ಯಾ? ಬಾ ಇಲ್ಲಿ, ಅವರೆಕಾಯಿ ಬಿಡಿಸು" ಎನ್ನುತ್ತಿದ್ದರು. ಪುಟ್ಟಿ ಹುಟ್ಟುವ ಮೊದಲೇ ಅವರು ಹೋದರು. ಹಾಗೆ ಕರೆಯುವವರು ಆಮೇಲೆ ಇಲ್ಲ.

ಚಿನ್ನು ಹುಟ್ಟಿದಾಗ, ಹಿಂದಿನ ಬೀದಿಯ ಅಜ್ಜಿ ಒಂದು ದಿನ ಬರಲಿಲ್ಲ. "ನೀನೇ ಹಾಕಮ್ಮ, ನಾನು ಇಲ್ಲೇ ಕೂತಿರ್ತೀನಿ. ನೀನು ಬಿದ್ದು ಎಷ್ಟು ವರ್ಷ ಆಯ್ತು?" ಎಂದಳು ನಿಮ್ಮಮ್ಮ.

ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತೆ. ಚಿನ್ನು, ಎಣ್ಣೆ ಹಚ್ಚಿದ ನಿನ್ನನ್ನು ನಿಮ್ಮಮ್ಮ ನನ್ನ ಕಾಲ ಮೇಲೆ ಬೋರಲು ಮಲಗಿಸಿದಳು. ನೀನು ಬೆಚ್ಚಗಿದ್ದೆ ಕಣೋ. ಚೊಂಬು ಎತ್ತಿದೆ. ಮೂರ್ಛೆ ಬರಲಿಲ್ಲ. ಆದರೆ ನಾನು ಬಿದ್ದದ್ದನ್ನು, ಬಿಸಿನೀರು ಚೆಲ್ಲಿದ್ದನ್ನು, ನೀನು ಜಾರಿ ಉಸಿರುಗಟ್ಟಿದ್ದನ್ನು ಮನಸ್ಸು ಆಗಲೇ ನೋಡಿಬಿಟ್ಟಿತ್ತು.

"ಎತ್ಕೋ" ಎಂದೆ.

"ಏನೂ ಆಗಿಲ್ವಲ್ಲಮ್ಮ."

"ಎತ್ಕೋ ಅಂದ್ನಲ್ಲ."

ಎತ್ತಿಕೊಂಡಳು. ಕಾಲಿಗೆ ಹತ್ತಿದ ನಿನ್ನ ಮೈಯೆಣ್ಣೆಯನ್ನು ಸಂಜೆಯವರೆಗೂ ತೊಳೆಯಲಿಲ್ಲ.

ಬೇಡವಾಗಿರಲಿಲ್ಲ ಪುಟ್ಟಿ. ಬಹಳ ಬೇಕಾಗಿತ್ತು, ಅದಕ್ಕೇ ಅಷ್ಟು ಹೆದರಿಕೆ.

ಈ ಹಾಳೆಗಳನ್ನು ನಿಮ್ಮಮ್ಮನ ಬೀರುವಿನಲ್ಲಿ ಸೀರೆಗಳ ಕೆಳಗೆ ಜೋಪಾನವಾಗಿಡಿ. ಮತ್ತೆ ಕೇಳಬೇಕೆನಿಸಿದರೆ ನನ್ನನ್ನು ಕೇಳಬೇಡಿ, ಇವನ್ನೇ ತೆಗೆದು ಓದಿಕೊಳ್ಳಿ.