ಕೆಳಗಿನ ಗೆರೆ

ಗುರುಪುತ್ರಪ್ಪ ಕಾಕಾ ಯಾವ ಕಾಗದವನ್ನೂ ಮೇಲಿನಿಂದ ಓದಿದವರಲ್ಲ. ಮದುವೆಯ ಪತ್ರಿಕೆಯಿರಲಿ, ಚುನಾವಣೆಯ ಕರಪತ್ರವಿರಲಿ, ಮೊದಲು ಕಣ್ಣು ಹೋಗುವುದು ತಳಕ್ಕೆ. ಅಲ್ಲಿ ಛಾಪಿಸಿದವರ ಹೆಸರು, ಊರು ಇರಬೇಕು. ಇಲ್ಲದಿದ್ದರೆ ಅದು ಕಸ.

“ಹೆಸರು ಹಾಕಾಕ ಹೆದರಾಂವ ಖರೇ ಬರದಿರತಾನೇನವ್ವಾ?” ಎನ್ನುತ್ತಿದ್ದರು.

ಪಾರಿಶ್ವಾಡದಲ್ಲಿ ನಾಲ್ಕನೇ ಇಯತ್ತೆ ಮುಗಿಸಿ ಬೆಳಗಾವಿಯ ಪ್ರೆಸ್ಸು ಸೇರಿದವರು, ಮೂವತ್ತು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿದರು. ಕನ್ನಡ, ಮರಾಠಿ ಎರಡನ್ನೂ ತಲೆಕೆಳಗಾಗಿ ಹಿಡಿದು ಓದಬಲ್ಲವರು. ಕಂಪ್ಯೂಟರ್ ಬಂದಾಗ ಮೊಳೆಗಳನ್ನೆಲ್ಲ ಗುಜರಿಗೆ ಹಾಕಿದ ಮಾಲೀಕ ಬಾಳಕೃಷ್ಣರಾಯರು ಕಾಕಾ ಅವರನ್ನು ಮಾತ್ರ ಬಿಡದೆ ಕರಡು ತಿದ್ದಲು ಕೂರಿಸಿದರು. ಟೈಪು ಮಾಡುವವಳು ನಾನು, ನೀಲಾ. “ಬಿ.ಎ. ಓದೀದಿ, ದೀರ್ಘ ಎಲ್ಲಿ ಕಳಕೊಂಡು ಬಂದಿ?” ಎಂದು ನನ್ನನ್ನು ಕಾಡುತ್ತಿದ್ದರು. ತಿದ್ದಿ ಮುಗಿದ ಮೇಲೆ ಕೆಂಪು ಪೆನ್ನಿನಲ್ಲಿ ‘ನೋಡೀನಿ’ ಎಂದು ಬರೆಯುತ್ತಿದ್ದರು. ಆ ಪದ ಬೀಳದೆ ಏನೂ ಮಶೀನಿಗೆ ಹೋಗುತ್ತಿರಲಿಲ್ಲ.

ಕಾಕಾ ಅವರ ಮನೆ ಖಾನಾಪುರದಲ್ಲಿ. ಮಕ್ಕಳಿಲ್ಲ. ಹೆಂಡತಿ ಸತ್ಯವ್ವನವರಿಗೆ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್. ಬೆಳಿಗ್ಗೆ ರೈಲು ಹಿಡಿಯುವ ಮುಂಚೆ, ಸಂಜೆ ರೈಲಿಳಿದು ಹೋದ ಮೇಲೆ ಸೂಜಿ ಚುಚ್ಚುತ್ತಿದ್ದವರು ಕಾಕಾ.

“ಚುಚ್ಚಿ ಚುಚ್ಚಿ ಜಾಗಾನ ಉಳಿದಿಲ್ಲ ನೀಲಾ. ಆಕಿ ಅಳೂದಿಲ್ಲ, ನನಗ ಅಳು ಬರತೈತಿ,” ಎಂದರು ಒಂದು ದಿನ. “ಇಂಟರ್‌ನೆಟ್ಟಿನ್ಯಾಗ ಎಲ್ಲಾ ಸಿಗತೈತಂತಲ್ಲ, ಸೂಜಿ ಬಿಡಸೂದು ಸಿಗತೈತೇನು?”

2001ರ ಮಳೆಗಾಲ. ಕೆಲಸ ಮುಗಿಸಿ ಇಬ್ಬರೂ ಕಾಲೇಜು ರಸ್ತೆಯ ಸೈಬರ್ ಕೆಫೆಗೆ ಹೋದೆವು. ಹುಡುಕಿದಾಗ ಒಂದು ಇಂಗ್ಲಿಷ್ ಪುಟ ಸಿಕ್ಕಿತು. ಬಿಳಿ ಕೋಟು ತೊಟ್ಟವನ ಫೋಟೋ. ನಲವತ್ತು ದಿನ ಹಾಗಲಬೀಜದ ಪುಡಿ ತಿನ್ನಿ, ಸೂಜಿಯನ್ನು ಇಂದೇ ಎಸೆಯಿರಿ ಎಂದಿತ್ತು. ನಾನು ಕನ್ನಡದಲ್ಲಿ ಹೇಳಿದೆ. ಕಾಕಾ ಪರದೆಯ ತಳ ಹುಡುಕಿದರು.

“ಛಾಪಿಸಿದವರು ಯಾರು?”

“ಇದರಾಗ ಹಂಗ ಇರೂದಿಲ್ರೀ ಕಾಕಾ.”

ಅವರ ಮುಖ ಸಪ್ಪಗಾಯಿತು. ಆದರೂ ಮೊದಲ ಹಾಳೆಯನ್ನಷ್ಟೇ ಪ್ರಿಂಟು ತೆಗೆಸಿದರು. ಆ ಕೆಫೆಯವನಿಗೊಂದು ಚಟ. ಜಾಹೀರಾತಾಗಲಿ ಎಂದು ಪ್ರತಿ ಹಾಳೆಯ ತಳಕ್ಕೂ ತನ್ನ ರಬ್ಬರ್ ಶಿಕ್ಕಾ ಒತ್ತಿ ಕೊಡುತ್ತಿದ್ದ: ಹೆಸರು, ರಸ್ತೆ, ಬೆಳಗಾವಿ.

ಕಾಕಾ ಹಾಳೆಯ ತಳ ನೋಡಿದರು. ಮುಖ ಅರಳಿತು. “ಐತಲ್ಲವ್ವಾ! ಶಿಕ್ಕಾ ಐತಿ, ವಿಳಾಸ ಐತಿ, ಅದೂ ನಮ್ಮೂರದ್ದ!” ಎಂದು ಕೆಂಪು ಪೆನ್ನು ತೆಗೆದು, ಶಿಕ್ಕಾದ ಪಕ್ಕದಲ್ಲಿ ‘ನೋಡೀನಿ’ ಎಂದು ಬರೆದೇಬಿಟ್ಟರು.

ನನಗೆ ನಗು ಬಂತು. ಅದು ಅಂಗಡಿಯ ಶಿಕ್ಕಾ, ಬರೆದವನದಲ್ಲ ಎಂದು ಹೇಳಬೇಕಿತ್ತು. ಮನೆಗೆ ಹೋಗುವ ಸದಾಶಿವನಗರದ ಬಸ್ಸಿಗೆ ಹೊತ್ತಾಗಿತ್ತು. ಈ ಮುದುಕನಿಗೆ ಬಿಡಿಸಿ ಹೇಳುತ್ತ ಯಾರು ಕೂರುತ್ತಾರೆ, ಪುಡಿ ತಿಂದರೆ ಏನಾದೀತು ಎಂದುಕೊಂಡೆ. ಸೂಜಿಯನ್ನು ಅಂದೇ ನಿಲ್ಲಿಸುತ್ತಾರೆಂದು ನನ್ನ ಹಾಳು ತಲೆಗೆ ಹೊಳೆಯಲಿಲ್ಲ.

ಬೀಜ ತಂದು ತಾವೇ ಕುಟ್ಟಿ ಕೊಟ್ಟರಂತೆ. ಆರನೆಯ ದಿನ ಸತ್ಯವ್ವ ಎಚ್ಚರ ತಪ್ಪಿದರು. ಖಾನಾಪುರದಿಂದ ಬೆಳಗಾವಿಗೆ ತರುವಾಗ ದಾರಿಯಲ್ಲೇ ತೀರಿಕೊಂಡರು.

ಮರುದಿನ ನಾನೊಬ್ಬಳೇ ಹೋಗಿ ಆ ಪುಟ ತೆರೆದೆ. ಈ ಸಲ ಕೊನೆಯವರೆಗೆ ಇಳಿಸಿದೆ. ಬರೆದವರ ಹೆಸರಿಲ್ಲ, ಫೋಟೋದವನು ಡಾಕ್ಟರೆಂದು ಎಲ್ಲೂ ಇಲ್ಲ. ಪುಡಿ ತರಿಸುವ ಅರ್ಜಿ ಇತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ವೈದ್ಯರ ಸಲಹೆಯಲ್ಲ ಎಂದಿತ್ತು. ಕಾಕಾ ಹುಡುಕಿದ ಕೆಳಗಿನ ಗೆರೆ ಅದೇ. ಇಂಗ್ಲಿಷ್ ಬರುವವಳು ನಾನು, ಅಲ್ಲಿಯವರೆಗೆ ಹೋಗಿರಲಿಲ್ಲ.

ಸತ್ಯವ್ವನವರ ತಿಥಿಯ, ಶಿವಗಣಾರಾಧನೆಯ ಪತ್ರಿಕೆ ನಮ್ಮಲ್ಲೇ ತಯಾರಾಯಿತು. ಕರಡು ನೋಡಲು ಕಾಕಾ ಬಂದರು. ತಳದಲ್ಲಿದ್ದ ನಮ್ಮ ಪ್ರೆಸ್ಸಿನ ಹೆಸರಿನ ಮೇಲೆ ಬೆರಳಿಟ್ಟರು.

“ನೀಲಾ, ಆ ಹಾಳಿ ಮ್ಯಾಲಿನ ಶಿಕ್ಕಾ ಯಾರದಿತ್ತು?”

“ಅಂಗಡಿಯವರದ್ರೀ.”

“ನಿನಗ ಅವತ್ತ ಗೊತ್ತಿತ್ತೇನು?”

“ಗೊತ್ತಿತ್ತು,” ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕೆಂಪು ಪೆನ್ನನ್ನು ನನ್ನ ಮುಂದಿಟ್ಟು, “ನೀನ ಬರೀವ್ವಾ. ಇನ್ನ ಮ್ಯಾಲ ನಾ ಬರಿಯಂಗಿಲ್ಲ,” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮತ್ತೆ ಪ್ರೆಸ್ಸಿಗೆ ಬರಲಿಲ್ಲ.

ಸತ್ಯವ್ವನವರ ಪತ್ರಿಕೆಯ ತಳದಲ್ಲಿ ‘ನೋಡೀನಿ’ ಎಂದು ಬರೆದವಳು ನಾನು.