ಅಂಗಡಿಗೆ ಬಂದ ಒಂದು ಬಕೆಟ್ ಮಣ್ಣು

ನನ್ನ ಷಡ್ಡಕ ಬಾವಿ ತೋಡುವ ಕಸುಬಿನವನು. ಅವನಿಗೆ ಸಿಟ್ಟು ಬಂದರೆ ಪಕ್ಕದ ಬೀದಿಯ ಹಾಲೂ ಒಡೆಯುತ್ತದೆ. ಹಳ್ಳದಲ್ಲಿ ಚಿನ್ನದ ತುಣುಕು ಹುಡುಕಲು ಅವನು ಕೊಂಡ ಮೆಟಲ್ ಡಿಟೆಕ್ಟರ್ ಹೆಜ್ಜೆಹೆಜ್ಜೆಗೂ ಸುಮ್ಮಸುಮ್ಮನೆ ಕೂಗಿತ್ತು. ಮೂರು ತಿಂಗಳು ಅಗೆದು ಮಂಡಿ ಸವೆದವು. ಇನ್ನೊಂದು ಬೇಸಿಗೆಗಾಗುವಷ್ಟೇ ಕಸುವು ಉಳಿದಿತ್ತು. ಈ ಸಲವೂ ಯಂತ್ರ ತಪ್ಪಿದರೆ ಮುಗಿಯಿತು.

ಅದನ್ನು ಮಾರಿದ್ದ ಅಂಗಡಿಗೇ ಇಬ್ಬರೂ ಹೋದೆವು. ಅಂಗಡಿಯವನು ಮೇಜಿನ ಮೇಲೆ ಚಿನ್ನದ ಉಂಗುರವಿಟ್ಟು ಹೊಸ ಯಂತ್ರ ಆಡಿಸಿದ. "ನೋಡಿ ಯಜಮಾನ್ರೇ, ಹೆಂಗೆ ಕೂಗುತ್ತೆ!"

"ನಿನ್ನ ಮೇಜಿನಲ್ಲಿ ಚಿನ್ನ ಬೆಳೆಯುತ್ತೇನೋ? ಇದರ ಮೇಲೆ ಆಡಿಸು!" ಷಡ್ಡಕ ಹಳ್ಳದ ಮಣ್ಣು ತುಂಬಿದ ಬಕೆಟ್ ಕುಕ್ಕಿದ. ಬರೀ ಮಣ್ಣಿಗೇ ಯಂತ್ರ ಬೊಬ್ಬೆ ಹೊಡೆಯಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ.

"ಮಣ್ಣಲ್ಲಿ ಕಬ್ಬಿಣ ಜಾಸ್ತಿ. ಅದಕ್ಕೆ ತಕ್ಕದ್ದು ಒಳಗೊಂದಿದೆ, ಆದ್ರೆ ಅದನ್ನ ನಡೆಸೋದು ನಿಮ್ಮಂಥೋರಿಗೆ ಕಷ್ಟ."

"ತಾರೋ!"

ಧೂಳು ಹಿಡಿದಿದ್ದ ಆ ಯಂತ್ರ ಮಣ್ಣಿನ ಮೇಲೆ ತೆಪ್ಪಗಿತ್ತು. ಷಡ್ಡಕ ಚಿನ್ನದ ಬದಲು ಅಕ್ಕಿಕಾಳಿನಷ್ಟು ಸೀಸದ ಚೂರನ್ನು ಆ ಮಣ್ಣಿನಲ್ಲಿ ಹೂತ. ಅದು ಕುಂಯ್ ಎಂದಿತು.

ಇನ್ನು ಸಿಟ್ಟು ಇಳಿಯಿತು ಅಂದುಕೊಂಡೆ.

"ಅವತ್ತೇ ಇದನ್ನ ಕೊಟ್ಟಿದ್ರೆ ನನ್ನ ಮಂಡಿ ಉಳೀತಿತ್ತಲ್ಲೋ!" ಎಂದು ಅವನು ಅಬ್ಬರಿಸಿದ್ದಕ್ಕೆ, ಆಫ್ ಮಾಡಿಟ್ಟಿದ್ದ ಯಂತ್ರಗಳೂ ಒಟ್ಟಿಗೆ ಕೂಗಿಕೊಂಡವು.